ಹಿಲರಿಯಣ್ಣನ ಜಾಝ್ ಯಾರಿಗೆ ಬೇಕಿತ್ತು?

ಇಲ್ಲ... ಇದು ನಿಜ ಅಂತ ಮನಸ್ಸು ಒಪ್ಪುತ್ತಿಲ್ಲ.
ನಿನ್ನೆ ಸಂಜೆಯಷ್ಟೇ ಫೋನ್ ಮಾಡಿ, "ನಾಳೆ ಕೀಬೋರ್ಡಿನ ಸ್ಟ್ಯಾಂಡ್ ಮರೀಬೇಡ ಮಾರಾಯ, ಕಳೆದ ಸಲ ಮೇಜಿನ ಮೇಲೆ ಇಟ್ಟು ಮರ್ಯಾದೆ ತೆಗೆದಿದ್ದಿ" ಅಂತ ಬೈದವರು...
ಇವತ್ತು ಇಲ್ಲ ಅಂದರೆ ಏನು ಅರ್ಥ?

ಫ್ರೆಂಡ್ಸ್, ನಮ್ಮ ಬ್ಯಾಂಡಿನ ಸ್ಯಾಕ್ಸೊಫೋನ್ ಹಿಲರಿಯಣ್ಣ ತೀರಿಕೊಂಡರು.
ಮಂಗಲ್ಪಾಡಿಯ ಮನೆಯಲ್ಲಿ ಬೆಳಿಗ್ಗೆ ಪ್ರೋಗ್ರಾಮಿನ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರಂತೆ... ಎದೆನೋವು.
ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.
ಅವರ ತಮ್ಮನ ಫೋನ್ ಬಂದಾಗ ನಾನು ಕುಂಬಳೆಯ ಮದುವೆ ಹಾಲಿನಲ್ಲಿ ವಯರ್ ಎಳೆಯುತ್ತಿದ್ದೆ.

ನಿಮ್ಮಲ್ಲಿ ಹೆಚ್ಚಿನವರು ಅವರನ್ನು ನೋಡಿರುತ್ತೀರಿ.
ಮದುವೆಯ ಹಿಂದಿನ ದಿನದ ರೋಸ್, ಮೆಹಂದಿ, ರಿಸೆಪ್ಶನ್... ಯಾರ ಮನೆಯ ಫಂಕ್ಷನ್ ಆದರೂ ಬಿಳಿ ಶರ್ಟು, ಹೊಳೆಯುವ ಸ್ಯಾಕ್ಸ್, ಹಳೆಯ ಸಿನಿಮಾ ಹಾಡು.
ಆದರೆ ಅವರ ಜೀವ ಇದ್ದದ್ದು ಅದರಲ್ಲಿ ಅಲ್ಲ.
ಗಲ್ಫಿನ ಹೋಟೆಲೊಂದರಲ್ಲಿ ಎಷ್ಟೋ ವರ್ಷ ಊದಿದವರು. ಅಲ್ಲಿ ಜೊತೆಯವರಿಂದ ಮಾಡರ್ನ್ ಜಾಝ್ ಕಲಿತರು. ಊರಿಗೆ ಬರುವಾಗ ಬೇರೆಯವರು ಟಿವಿ, ಕಂಬಳಿ ತಂದರೆ ಇವರು ಅದನ್ನು ತಂದರು.

"ಒಂದು ಟ್ಯೂನ್ ಹಿಡಿದು ಮನೆಯಿಂದ ಹೊರಡುವುದು. ದಾರಿಯಲ್ಲಿ ಎಂತ ಸಿಗ್ತದೋ ಅದನ್ನೆಲ್ಲ ಊದುವುದು. ಮತ್ತೆ ಮನೆಗೆ ಬರುವುದು. ಇಷ್ಟೇ ಜಾಝ್," ಅನ್ನುತ್ತಿದ್ದರು.

ಪ್ರೋಗ್ರಾಂ ಮುಗಿಸಿ ಟೆಂಪೋದಲ್ಲಿ ಬರುವಾಗ ನಮ್ಮಿಬ್ಬರದ್ದು ಇದೇ ಜಗಳ.
"ಹಿಲರಿಯಣ್ಣ, ಈಗಿನವರಿಗೆ ಅದು ಹಿಡಿಸುದಿಲ್ಲ. ರೀಲ್ಸ್ ನೋಡುವವರು. ಅರ್ಧ ಹಾಡು ಕೇಳ್ಲಿಕ್ಕೆ ತಾಳ್ಮೆ ಇಲ್ಲ."
"ಹಿಡಿಸುದಿಲ್ಲ ಅಂತ ಹೇಳ್ಲಿಕ್ಕೆ ಅವರು ಕೇಳಿದ್ದು ಯಾವಾಗ? ಬಾಯಿಗೆ ಹಾಕದೆ ಕಹಿ ಅಂದ್ರೆ ಹೇಗೆ?"

ಕಳೆದ ವರ್ಷ ಹಟ ಹಿಡಿದು ಸೀತಾಂಗೋಳಿಯ ಒಂದು ಸಣ್ಣ ಹಾಲಿನಲ್ಲಿ ಪ್ರೋಗ್ರಾಂ ಇಟ್ಟೇಬಿಟ್ಟರು.
ಎಂಟ್ರಿ ಫ್ರೀ. ಹಾಲ್ ತುಂಬಿತು.
ಹಿಲರಿಯಣ್ಣ ತಾವೇ ಕಟ್ಟಿದ ಟ್ಯೂನ್ ಎತ್ತಿಕೊಂಡರು... ಹೆಸರಿಡದ ಒಂದು ಟ್ಯೂನ್. ಕಣ್ಣು ಮುಚ್ಚಿ, ಬೆವರಿ, ಎಲ್ಲೆಲ್ಲೋ ಹೋಗಿ ಬಂದರು.

ನಮ್ಮ ಊರಿನವರಿಗೆ ಅಭ್ಯಾಸ ಯಕ್ಷಗಾನದ್ದು. ಆಟಕ್ಕೆ ಜನ ಸೇರಲಿ ಅಂತ ಮೊದಲು ಚೆಂಡೆ-ಮದ್ದಳೆಯಲ್ಲಿ 'ಕೇಳಿ' ಅಂತ ಬಡಿಯುತ್ತಾರಲ್ಲ... ಆಗ ಯಾರೂ ಬಾಯಿ ಮುಚ್ಚಿ ಕೂರುವುದಿಲ್ಲ. ಚಾ ಕುಡಿಯುತ್ತಾರೆ, ನೆಂಟರನ್ನು ಹುಡುಕುತ್ತಾರೆ.
ಇದೂ ಹಾಗೇ ಅಂದುಕೊಂಡರು!
ಮೇಲೆ ಇವರು ಪ್ರಾಣ ಕೊಟ್ಟು ಊದುತ್ತಿದ್ದಾರೆ... ಕೆಳಗೆ ಯಾರದೋ ಮಗಳಿಗೆ ಸಂಬಂಧ ಕುದುರುತ್ತಿದೆ.
ಮುಗಿಸಿ ಕೈಮುಗಿದಾಗ ಎದುರು ಸಾಲಿನ ಹಿರಿಯರೊಬ್ಬರು ತುಂಬ ಪ್ರೀತಿಯಿಂದಲೇ ಕೇಳಿದರು.
"'ಕೇಳಿ' ಲಾಯ್ಕ್ ಆಯ್ತು ಹಿಲರಿ. ಇನ್ನು ಪ್ರೋಗ್ರಾಂ ಶುರು ಮಾಡ್ಬಹುದಲ್ಲ? ನಮಗೆ ಲಾಸ್ಟ್ ಬಸ್ಸು ಉಂಟು."

ನಾವೆಲ್ಲ ನಕ್ಕೆವು. ಹಿಲರಿಯಣ್ಣನೂ ನಕ್ಕರು.
ಆಮೇಲೆ ಸಿನಿಮಾ ಹಾಡು... ಚಪ್ಪಾಳೆಯೋ ಚಪ್ಪಾಳೆ.
ಅಂದಿನಿಂದ ಆ ಟ್ಯೂನನ್ನು ಅವರು ಸ್ಟೇಜಿಗೆ ತರಲಿಲ್ಲ. ಸೌಂಡ್ ಚೆಕ್ ಹೊತ್ತಿಗೆ, ಹಾಲ್ ಖಾಲಿ ಇರುವಾಗ ಮಾತ್ರ ಊದುತ್ತಿದ್ದರು. ಕೇಳುತ್ತಿದ್ದವನು ನಾನೊಬ್ಬ.

ಹಿಲರಿಯಣ್ಣ...
ಅವತ್ತು ನಿಮಗೆ ಎಷ್ಟು ನೋವಾಗಿತ್ತು? ನೀವು ಹೇಳಲೇ ಇಲ್ಲ.
ಜನರದ್ದು ತಪ್ಪಾ? ಪಾಪ, ಅವರು ಪ್ರೀತಿಯಿಂದಲೇ ಬಂದಿದ್ದರು. ನಿಮ್ಮದು ತಪ್ಪಾ? ಅದೂ ಅಲ್ಲ.
ಹಾಗಾದರೆ ಅಷ್ಟು ಒಳ್ಳೆಯ ಸಂಗೀತ ಅಷ್ಟು ಜನರ ನಡುವೆ ಇದ್ದೂ ಯಾರನ್ನೂ ಯಾಕೆ ಮುಟ್ಟಲಿಲ್ಲ?
ನಿಮ್ಮ ಮೇಲೆ ಸಿಟ್ಟೂ ಬರುತ್ತಿದೆ ಅಣ್ಣ. ಇನ್ನೊಂದು ಸಲ ಪ್ರೋಗ್ರಾಂ ಇಡಬಾರದಿತ್ತಾ? ಒಂದೇ ಸೋಲಿಗೆ ಸುಮ್ಮನಾಗುವ ಗಂಡಸಾ ನೀವು?

ಇವತ್ತಿನದ್ದನ್ನೂ ನಿಮಗೆ ಹೇಳಬೇಕು.
ಸುದ್ದಿ ಬಂದಾಗ ಬ್ಯಾಂಡಿನ ಓನರ್ ನಮ್ಮನ್ನೆಲ್ಲ ಅಡುಗೆಯ ಶೆಡ್ಡಿನ ಹಿಂದೆ ಕರೆದು ಅತ್ತರು. ಆಮೇಲೆ ಮುಖ ತೊಳೆದು, "ಮದುವೆ ಹಾಲಿನಲ್ಲಿ ಸಾವಿನ ಮಾತು ಬೇಡ. ಅವರದ್ದು ಶುಭ ದಿನ. ಯಾರೂ ಬಾಯಿ ಬಿಡ್ಬೇಡಿ" ಅಂದರು.
ಅದು ಸರಿಯೇ. ನಿಮ್ಮಲ್ಲಿ ಕೇಳಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ.
ಕೀಬೋರ್ಡಿನಲ್ಲಿ ಸ್ಯಾಕ್ಸೊಫೋನಿನ ಟೋನ್ ಉಂಟಲ್ಲ... ನೀವು ಪ್ಲಾಸ್ಟಿಕ್ ಹೂವು ಅನ್ನುತ್ತಿದ್ದ ಟೋನ್... ಅದನ್ನೇ ಹಾಕಿ ನಿಮ್ಮ ಪಾರ್ಟೆಲ್ಲ ನಾನೇ ನುಡಿಸಿದೆ.
ಒಬ್ಬರೂ ನಿಮ್ಮ ಖಾಲಿ ಜಾಗ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ.
ಊಟದ ಹೊತ್ತಿಗೆ ಯಾರನ್ನೂ ಕೇಳದೆ ಅದೇ ಟೋನಿನಲ್ಲಿ ನಿಮ್ಮ ಟ್ಯೂನ್ ತೆಗೆದೆ. ನಿಮ್ಮಷ್ಟು ದೂರ ಹೋಗಲು ನನಗೆ ಬರುವುದಿಲ್ಲ. ಗೊತ್ತಿದ್ದಷ್ಟು ಹೋದೆ.
ಬಿರಿಯಾನಿ, ಪ್ಲೇಟಿನ ಸದ್ದು, ಸೆಲ್ಫಿ... ಯಾರೂ ತಲೆ ಎತ್ತಲಿಲ್ಲ.

ಮುಗಿಸಿದ ಮೇಲೆ ಮದುಮಗನ ಕಡೆಯ ಒಬ್ಬರು ಕೈ ಒರೆಸುತ್ತಾ ಸ್ಟೇಜಿನ ಹತ್ತಿರ ಬಂದರು.
"ಈಗ ಬಾರಿಸಿದ್ದು ಎಂತ ಅದು? ಒಂಥರಾ ಬೇಜಾರು ಬರಿಸ್ತದೆ... ಆದ್ರೆ ಲಾಯ್ಕ್ ಉಂಟು. ಸ್ಯಾಕ್ಸಿನವರಿಗೆ ಹೇಳಿ, ಇನ್ನೊಮ್ಮೆ ಊದ್ಲಿಕ್ಕೆ."

ಬಾಯಿ ಬಿಡುವ ಹಾಗಿರಲಿಲ್ಲ ಅಣ್ಣ.
"ಹೇಳ್ತೇನೆ" ಅಂದೆ.

ನಾಳೆ ಸಂಜೆ ಇಗರ್ಜಿಯಲ್ಲಿ ಅಂತ್ಯಕ್ರಿಯೆ. ಬರಲು ಆಗುವವರು ಬನ್ನಿ.

ಹಿಲರಿಯಣ್ಣ, ಇನ್ನೊಮ್ಮೆ ಊದಬೇಕಂತೆ...
ಒಬ್ಬರು ಕೇಳಿದ್ದಾರೆ.
ನಿಮ್ಮ ಆತ್ಮ ದೇವರ ಹತ್ತಿರ ನೆಮ್ಮದಿಯಾಗಿರಲಿ. ಹೋಗಿ ಬನ್ನಿ ಅಣ್ಣ.