ಹುಷಾರಿಲ್ಲ ಅಂದಿದ್ದೆ

ಮೂರು ದಿನವಾಯಿತು, ನನ್ನ ಅಂಗೈಯಿಂದ ಚೆಂಡುಹೂವಿನ ವಾಸನೆ ಹೋಗಿಲ್ಲ. ಸೋಪು ಹಾಕಿದೆ, ನಿಂಬೆಹಣ್ಣು ಉಜ್ಜಿದೆ, ಊಹೂಂ. ಗುಂಡ್ಲುಪೇಟೆ ಕಡೆಯ ಹೊಲಗಳಲ್ಲಿ ಬಣ್ಣದ ಫ್ಯಾಕ್ಟರಿಗೆಂದು ಬೆಳೆಯುವ ಹೂವು ಅದು. ಆ ಕಹಿ ಘಾಟು ಒಮ್ಮೆ ಕೈಗೆ ಅಂಟಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಆ ಹುಡುಗಿಯೂ ಊರಿನಲ್ಲಿ ಅವ್ವನ ಜೊತೆ ಹೂ ಕೊಯ್ದು, ಇದೇ ವಾಸನೆ ಹೊತ್ತು ಮೊದಲ ದಿನ ನನ್ನ ಮನೆ ಮೆಟ್ಟಿಲು ಹತ್ತಿದ್ದಳು...

ನಾನು ಚಾಮರಾಜನಗರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಆಗಷ್ಟೇ ರಿಟೈರ್ ಆಗಿದ್ದೆ. ಕಾನ್ವೆಂಟಿನ ಮದರ್ ಅವಳನ್ನು ಕರೆತಂದು, ‘ಆಫ್ರಿಕಾದ ನಮ್ಮ ಮಿಷನ್ ಆಸ್ಪತ್ರೆಗೆ ಕಳಿಸಬೇಕು, ಮಾತು ಕಲಿಸಿಕೊಡಿ’ ಎಂದರು. ಭೀಮನಬೀಡಿನ ಕೂಲಿಯವರ ಮಗಳು. ಅಜ್ಜನ ಕಾಲಕ್ಕೇ ಚರ್ಚಿಗೆ ಸೇರಿದ ಮನೆ. ಆದರೂ ಅವಳವ್ವ ಶಿಲುಬೆಗೂ ಮಾದಪ್ಪನಿಗೂ ಒಟ್ಟಿಗೇ ಕೈ ಮುಗಿಯುತ್ತಿದ್ದಳಂತೆ. ನರ್ಸಿಂಗ್ ಓದಿದ್ದ ಹುಡುಗಿಗೆ ಮದ್ದುಗಳ ಹೆಸರೆಲ್ಲ ಬಾಯಿಪಾಠ, ಎದುರಿಗೆ ಕೂತವರ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡು ಅಂದರೆ ಮಾತ್ರ ಬೆವರು. ಆರು ತಿಂಗಳಿಗೆ ಕಾನ್ವೆಂಟಿನವರ ಪರೀಕ್ಷೆ. ಪಾಸಾದರೆ ಪ್ರಯಾಣ, ಇಲ್ಲದಿದ್ದರೆ ಕಾನ್ವೆಂಟ್ ಹಾಸ್ಟೆಲಿನ ಅಡುಗೆಮನೆ ಕೆಲಸ. ಅವಳಿಗೆ ಹೋಗಲೇಬೇಕಿತ್ತು.

ಪರೀಕ್ಷೆಯಲ್ಲಿ ಒಂದು ಭಾಗವಿತ್ತು: ರೋಗಿ ತೀರಿಕೊಂಡದ್ದನ್ನು ಮನೆಯವರಿಗೆ ತಿಳಿಸುವುದು. ನಾನು ತಾಯಿಯಾಗಿ ಕೂರುತ್ತಿದ್ದೆ, ಅವಳು ನರ್ಸ್. ಎಲ್ಲ ಸರಿಯಾಗಿ ಹೇಳಿ, ಆ ಒಂದು ಮಾತಿಗೆ ಬಂದಾಗ ಮಾತ್ರ ‘ಹಿ ಈಸ್ ಸೀರಿಯಸ್, ಪ್ಲೀಸ್ ಕಮ್’ ಅನ್ನುವಳು. ನಮ್ಮ ಕಡೆಯ ರೂಢಿಯೇ ಹಾಗಲ್ಲವೇ? ದೂರದಲ್ಲಿರುವವರಿಗೆ ಸಾವಿನ ಸುದ್ದಿ ಹೇಳುವುದಿಲ್ಲ. ಹುಷಾರಿಲ್ಲ, ಬೇಗ ಬನ್ನಿ ಅನ್ನುತ್ತೇವೆ. ನನ್ನ ಬಾಯಿ ಮೊದಲೇ ಜೋರು.

‘ಅಯ್ಯೋ ನನ್ನ ಕರ್ಮವೇ! ಸತ್ತಿದ್ದಾನೆ ಅಂತ ಹೇಳೇ. ಸುಳ್ಳು ಆಸೆ ಹುಟ್ಟಿಸಬೇಡ.’

‘ಅದೆಂಗ್ ಮಿಸ್, ಮೊಕ ನೋಡ್ಕಂಡು ಸತ್ತೋದ್ರು ಅನ್ನದು? ಬಾಯಾರ ಬತ್ತದಾ?’

‘ಹೇಳಿ, ಕೈ ಹಿಡ್ಕೊಂಡು ಕೂತ್ಕೋ. ಅಷ್ಟೇ.’

ನಲವತ್ತು ಸಲವಾದರೂ ಹೇಳಿಸಿರಬೇಕು. ಒಂದು ದಿನ ಅತ್ತೇಬಿಟ್ಟಳು. ನಾನು ಬಿಡಲಿಲ್ಲ.

ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಅವಳು ನಡುಮನೆಯಲ್ಲಿ ಕೂತು ಬರೆಯುತ್ತಿದ್ದಾಗ ನನ್ನ ಫೋನಿಗೆ ಅವಳಣ್ಣನ ಕರೆ ಬಂತು. ಕಾನ್ವೆಂಟಿನ ತರಬೇತಿಯಲ್ಲಿದ್ದವರಿಗೆ ಸ್ವಂತ ಫೋನ್ ಇರಲಿಲ್ಲ. ಅಡುಗೆಮನೆಗೆ ಹೋಗಿ ಮಾತಾಡಿದೆ.

‘ಅವ್ವ ಓಗ್ಬುಟ್ಲು ಮೇಡಂ. ಅವಳ್ಗೆ ಯೋಳ್ಬೇಡಿ. ಉಸಾರಿಲ್ಲ ಅಂದ್ಬುಟ್ಟು ಕರ್ಕಬನ್ನಿ.’

ಹೊರಗೆ ಬಂದು ನಾನೇನು ಹೇಳಿದೆ? ‘ನಿಮ್ಮವ್ವಂಗೆ ಹುಷಾರಿಲ್ಲವಂತೆ ಕಣಮ್ಮ, ಸ್ವಲ್ಪ ಜ್ವರ. ನಡಿ, ಹೋಗಿ ಬರೋಣ’ ಎಂದೆ. ನಲವತ್ತು ಸಲ ಅವಳನ್ನು ಬೈದಿದ್ದ ಇದೇ ಬಾಯಿ!

ಬಸ್ ಸ್ಟ್ಯಾಂಡಿನಲ್ಲಿ ಅವಳು ಕಿತ್ತಳೆಹಣ್ಣು ಕೊಂಡಳು, ಗ್ಲೂಕೋಸ್ ಪುಡಿ ಕೊಂಡಳು. ಗುಂಡ್ಲುಪೇಟೆಯವರೆಗೂ ಅದೇ ಮಾತು. ಜ್ವರ ಇಳಿಯದಿದ್ದರೆ ಮೈಸೂರಿಗೆ ಕರೆದೊಯ್ಯಬೇಕು, ಮದರ್ ಹತ್ತಿರ ಎರಡು ದಿನ ರಜ ಕೇಳಬೇಕು...

‘ವಾಂತಿನೂ ಆಯ್ತಾ ಅದಂತಾ ಮಿಸ್?’

‘ಇಲ್ಲವಂತೆ.’

‘ಸದ್ಯ’ ಎಂದಳು. ಅವಳ ಮುಖ ಒಂದಿಷ್ಟು ಸಡಿಲವಾಯಿತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಗುಂಡ್ಲುಪೇಟೆಯಲ್ಲಿ ಆಟೋ ಹಿಡಿದು ಊರು ಸೇರಿದೆವು. ಬೀದಿಯ ತಿರುವಿನಲ್ಲೇ ಅವರ ಮನೆ ಮುಂದೆ ಹಾಕಿದ್ದ ಶಾಮಿಯಾನ ಕಂಡಿತು, ಸಾಲಾಗಿ ಕುರ್ಚಿಗಳು ಕಂಡವು. ಅವಳು ನಿಂತಳು. ಕೈಯಲ್ಲಿದ್ದ ಹಣ್ಣಿನ ಚೀಲ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

‘ಯೋಳಿದ್ರ ನಾ ದಾರೀಲೇ ಅತ್ಕಂಡು ಬತ್ತಿದ್ದಿ ಮಿಸ್. ಇದ ತಂದ್ಬುಟ್ನಲ್ಲಾ...’

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಆ ಚೀಲವನ್ನು ಅವಳು ಅವ್ವನ ಕಾಲ ಹತ್ತಿರ ಇಟ್ಟಳು.

ಪರೀಕ್ಷೆಯಲ್ಲಿ ಆ ಮಾತನ್ನು ಒಂದಿಷ್ಟೂ ತಡವರಿಸದೆ ಹೇಳಿದಳಂತೆ. ಹೋದಳು. ಆಫ್ರಿಕಾದಿಂದ ಆಗಾಗ ವಾಯ್ಸ್ ಮೆಸೇಜ್ ಬರುತ್ತಿತ್ತು. ‘ಇವತ್ತೊಬ್ಬ ತಾಯಿಗೆ ನಾನೇ ಆ ಮಾತ ಯೋಳ್ದಿ ಮಿಸ್. ಕೈ ಹಿಡ್ಕಂಡೇ ಕೂತಿದ್ದಿ, ಸಂಜೆಗಂಟ ಬುಡ್ಲಿಲ್ಲ’ ಎಂದಿದ್ದಳು ಒಮ್ಮೆ. ತಪ್ಪಾಯಿತು ಕಣಮ್ಮ ಅನ್ನಬೇಕಿತ್ತು ನಾನು. ಫೋನಿನಲ್ಲಿ ಬೇಡ, ರಜಕ್ಕೆ ಬಂದಾಗ ಎದುರಿಗೇ ಹೇಳೋಣ ಅಂದುಕೊಂಡು ನಾಲ್ಕು ವರ್ಷ ತಳ್ಳಿದೆ...

ಮೂರು ದಿನದ ಹಿಂದೆ ಅವಳಣ್ಣ ಬಂದ. ಹೊಲದಲ್ಲಿ ಹೂ ಕೊಯ್ಯುತ್ತಿದ್ದವನು ಕೈಯನ್ನೂ ತೊಳೆಯದೆ ಬಸ್ಸು ಹತ್ತಿದ್ದ. ಅವನ ಫೋನಿಗೆ ಆ ಆಸ್ಪತ್ರೆಯಿಂದ ಇಂಗ್ಲಿಷಿನಲ್ಲಿ ಮೆಸೇಜು. ಕಾನ್ವೆಂಟಿಗೆ ಹೋಗಿ ಕೇಳಲು ಧೈರ್ಯ ಸಾಲದೆ ನನ್ನ ಹತ್ತಿರ ಬಂದಿದ್ದ. ನಾನು ಓದಿ ಮುಗಿಸುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದ.

‘ಉಸಾರಿಲ್ಲ ಅಂತ ಬರ್ದವ್ರಾ ಮೇಡಂ?’

ಅವನೇ ಆ ಮಾತನ್ನು ನನ್ನ ಬಾಯಿಗೆ ಎತ್ತಿಕೊಟ್ಟ. ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು! ಅವನ ಎರಡೂ ಕೈ ಹಿಡಿದುಕೊಂಡೆ.

‘ನಿನ್ನ ತಂಗಿ ಸತ್ತುಹೋದಳು ಕಣಪ್ಪ. ಜ್ವರ ಬಂದಿತ್ತಂತೆ. ಅಲ್ಲೇ ಮಣ್ಣು ಮಾಡ್ತಾರಂತೆ.’

ಅವನು ಕೈ ಬಿಡಿಸಿಕೊಳ್ಳಲಿಲ್ಲ. ತುಂಬ ಹೊತ್ತು ಅತ್ತ. ಆಮೇಲೆ, ನಾನು ಹಿಡಿದಿದ್ದ ತನ್ನ ಕೈಗಳನ್ನೇ ನೋಡುತ್ತಾ ಕೇಳಿದ: ‘ಅವಳ ಕೈಯ ಯಾರಾರ ಹಿಡ್ಕಂಡಿದ್ರಂತಾ ಮೇಡಂ?’

ಮತ್ತೊಮ್ಮೆ ಓದಿದೆ. ಇದ್ದದ್ದು ನಾಲ್ಕೇ ಸಾಲು.

‘ಅದನ್ನ ಬರೆದಿಲ್ಲಪ್ಪ’ ಎಂದೆ.

ನಿಂಬೆಹಣ್ಣು ಉಜ್ಜುವುದನ್ನು ಇವತ್ತಿನಿಂದ ಬಿಟ್ಟಿದ್ದೇನೆ.