ಮಂಗಳವಾರದ ರಾಹುಕಾಲ

ಹದಿನೆಂಟು ತುಂಬಿದ ವರ್ಷ ನನ್ನೆದುರು ಎರಡು ಕಾಗದಗಳಿದ್ದವು. ಒಂದು ಯೂನಿವರ್ಸಿಟಿ ಸೀಟಿನದು, ಇನ್ನೊಂದು ಕೌಂಟಿ ಕ್ರಿಕೆಟ್ ಕ್ಲಬ್ಬಿನ ಎರಡು ವರ್ಷದ ಕರಾರು. ವೇಗದ ಬೌಲರನ ಬೆನ್ನು ಡಿಗ್ರಿ ಮುಗಿಯುವವರೆಗೆ ಕಾಯುವುದಿಲ್ಲ ಎಂದು ನಾನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೆ. ಲಂಡನ್ನಿನ ಟೂಟಿಂಗ್ ಬಡಾವಣೆಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಅಪ್ಪಯ್ಯನಿಗೆ ಮಾತ್ರ ಡಿಗ್ರಿಯೇ ಬೇಕಿತ್ತು.

ಕರಾರಿಗೆ ಸಹಿ ಹಾಕಿ ಕಳಿಸಲು ಮಂಗಳವಾರ ನಾಲ್ಕು ಗಂಟೆಯವರೆಗೆ ಗಡುವಿತ್ತು. ಮೂರೂವರೆಗೆ ನಾನು ಪೆನ್ನು ಹಿಡಿದಾಗ, ವಾದಗಳೆಲ್ಲ ಖಾಲಿಯಾಗಿದ್ದ ಅಪ್ಪಯ್ಯ ಫ್ರಿಜ್ಜಿನ ಪಕ್ಕದ ಕ್ಯಾಲೆಂಡರ್ ತೋರಿಸಿದರು. ಅದು ಪ್ರತಿವರ್ಷ ಕುಂದಾಪುರದಿಂದಲೇ ಬರುತ್ತಿತ್ತು.

"ನಾಲ್ಕೂವರಿ ತನ್ಕ ರಾಹುಕಾಲ. ಈಗ ಸೈನ್ ಮಾಡುಕಿಲ್ಲ."

ನನಗೆ ರೇಗಿತು. ಮನೆಯಲ್ಲಿ ಸದಾ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವನು ಅಂದು ಕನ್ನಡದಲ್ಲೇ ಹೇಳಿದೆ.

"ಅದು ಊರಿನ ಟೈಮ್, ಅಪ್ಪಯ್ಯ. ಕುಂದಾಪುರದಲ್ಲಿ ಈಗ ಎಂಟು ಗಂಟೆ. ರಾಹುಕಾಲ ಯಾವಾಗ್ಲೋ ಮುಗ್ದಾಯ್ತು."

ಅಪ್ಪಯ್ಯ ಗಡಿಯಾರ ನೋಡಿದರು, ಕ್ಯಾಲೆಂಡರ್ ನೋಡಿದರು. ಲಂಡನ್ನಿಗೆ ಬಂದಾಗಿನಿಂದ ಹದಿನೈದು ವರ್ಷವೂ ಊರಿನ ರಾಹುಕಾಲವನ್ನು ಅವರು ಇಲ್ಲಿನ ಗಡಿಯಾರದಲ್ಲೇ ನೋಡಿಕೊಂಡು ಬಂದಿದ್ದರು. ನನ್ನನ್ನು ಶಾಲೆಗೆ ಸೇರಿಸಿದ್ದೂ ಹಾಗೆಯೇ.

ನಾನು ಸಹಿ ಹಾಕಿದೆ. ಫೋನಿನಲ್ಲಿ ಫೋಟೋ ತೆಗೆಯುವಾಗ ಕಾಗದದ ಮಡಿಕೆ ಮತ್ತೆ ಮತ್ತೆ ಮೇಲೇಳುತ್ತಿತ್ತು. ಅಪ್ಪಯ್ಯನೇ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದರು.

"ನಾಳೆ ಸೋತ್ ಬಂದ್ರೆ," ಎಂದರು, "ತಪ್ಪ್ ರಾಹುಕಾಲದ ಮೇಲೆ ಹಾಕುಕಿಲ್ಲ."