ಬಾಗಿಲಿಗೆ ಅಡ್ಡ ನಿಂತ ಎಡ್ನಾ

ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಂಡೆಯ ತನ್ನ ಮನೆಯಲ್ಲಿ ಪ್ರವಾಸಿಗರಿಗೆ ಕೋಣೆಯನ್ನೂ ಬೆಳಗಿನ ತಿಂಡಿಯನ್ನೂ ಕೊಡುವ ಎಡ್ನಾ ಥ್ವೇಟ್‌ಗೆ ಅತಿಥಿಗಳೆಂದರೆ ದೊಡ್ಡಿಗೆ ಬಂದ ಕುರಿಗಳು. ಗದರಿಸಿಯೇ ಒಳಗೆ ಬಿಡಬೇಕು. "ಬೂಟು ಹೊರಗೆ ಬಿಡಿ, ಇದು ಮನೆ, ಹೋಟೆಲಲ್ಲ!" ಎಂಬುದೇ ಅವಳ ಸ್ವಾಗತ. ಹೊಸದಾಗಿ ಮದುವೆಯಾದವರು ತಿಂಡಿ ಮರೆತು ಒಬ್ಬರನ್ನೊಬ್ಬರು ನೋಡುತ್ತ ಕೂತರೆ, "ಮುಖ ಎಲ್ಲೂ ಓಡಿಹೋಗಲ್ಲ, ಮೊಟ್ಟೆ ಆರುತ್ತೆ" ಎನ್ನುತ್ತಾಳೆ. ಅವಳ ಬಾಯಿಗೆ ಹೆದರಿ ಬಾತುಕೋಳಿಗಳೂ ಅಂಗಳದಲ್ಲಿ ಸಾಲಾಗಿ ನಡೆಯುತ್ತವೆಂದು ಊರವರು ನಗುತ್ತಾರೆ. ಕಳೆದ ವಸಂತದಲ್ಲಿ ಎಂಬತ್ತು ದಾಟಿದ ವಿಧುರ ವಿಲ್ಫ್ರೆಡ್, ಮಕ್ಕಳಿಗೆ ಹೇಳದೆ, ಗೆಳತಿ ಮೋನಾಳನ್ನು ಕರೆದುಕೊಂಡು ಅಲ್ಲಿಗೆ ಬಂದ. ಎಡ್ನಾ ಅವರಿಬ್ಬರನ್ನು ಬೂಟಿನ ಸಮೇತ ಒಳಗೆ ಬಿಟ್ಟು, ನೀರು ಕಾಣುವ ಕೋಣೆಯನ್ನೇ ಕೊಟ್ಟಳು. ಮರುದಿನ ಅವರು ದೋಣಿಯಲ್ಲಿ ಹೋಗಿದ್ದಾಗ ಹೇಗೋ ಸುದ್ದಿ ತಿಳಿದ ವಿಲ್ಫ್ರೆಡ್‌ನ ಮಗಳು ಜೋನ್ ಕಾರಿನಿಂದ ಇಳಿದಳು. "ಅಪ್ಪನ ಸೂಟ್‌ಕೇಸು ಕೊಡಿ, ಅವರನ್ನ ಕರ್ಕೊಂಡು ಹೋಗ್ತೀನಿ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" ಎಡ್ನಾ ಬಾಗಿಲಿಗೆ ಅಡ್ಡ ನಿಂತಳು. "ಕೊಡಲ್ಲ. ಅವರೇ ಬಂದು ಕೇಳಿದ್ರೆ ಕೊಡ್ತೀನಿ." "ನಮ್ಮನೆ ವಿಷಯ ನಿಮಗೇನು ಗೊತ್ತು?" ಎಂದು ಜೋನ್ ಸಿಡುಕಿದಳು. ಆಗ ಎಡ್ನಾಳ ದೊಡ್ಡ ಗಂಟಲು ತಗ್ಗಿತು. "ಗೊತ್ತು ಕಣಮ್ಮ. ಮಗ ಏನಂದ್ಕೋತಾನೋ ಅಂತ ನಾನೂ ಒಬ್ಬರನ್ನ ಈ ಬಾಗಿಲಿಂದಲೇ ಕಳಿಸಿಬಿಟ್ಟೆ. ಮಗ ಅದನ್ನ ಮರ್ತೇಬಿಟ್ಟಿದ್ದಾನೆ. ನನಗಾಗ್ತಿಲ್ಲ." ಜೋನ್ ಮೆಟ್ಟಿಲ ಮೇಲೆ ಕೂತಳು. ಕೆಳಗೆ ದಂಡೆಯಲ್ಲಿ ವಿಲ್ಫ್ರೆಡ್ ಮೋನಾಳ ಕೈ ಹಿಡಿದು ದೋಣಿಯಿಂದ ಇಳಿಸಿದ. ತಲೆಯೆತ್ತಿ ಮಗಳನ್ನು ಕಂಡ ಮೇಲೂ ಆ ಕೈ ಬಿಡಲಿಲ್ಲ.